ನಮ್ಮವರ ಶ್ವಾಸಕೋಶವೂ ನನ್ನ ಮಂಪರು ನಿಯಮವೂ

ಭದ್ರಾವತಿಯಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಆಸ್ಪತ್ರೆ ಬಿಲ್ಲು ಪಾಸಾಗುವುದು ಸಾಧ್ಯವಿರಲಿಲ್ಲ. ಇದು ಜಂಬವಲ್ಲ, ಆ ಕಾಲದ ವಾಸ್ತವ ಸ್ಥಿತಿ. ಕಾರ್ಖಾನೆಯೊಂದರ ವೈದ್ಯಕೀಯ ಬಿಲ್ಲುಗಳ ವಿಭಾಗದಲ್ಲಿ ನಾನು ಹಿರಿಯ ಗುಮಾಸ್ತೆ. ನೌಕರರು ತಮಗೋ ಮನೆಯವರಿಗೋ ಹೊರಗಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿಸಿದರೆ ಕಾರ್ಖಾನೆ ಆ ಖರ್ಚನ್ನು ವಾಪಸು ಕೊಡುತ್ತಿತ್ತು. ಕೊಡಬೇಕೋ ಬೇಡವೋ ಎಂದು ಮೊದಲು ನೋಡುವವಳು ನಾನು. ಹಿಂದಿನಿಂದ ನನ್ನನ್ನು "ಕತ್ತರಿ ಗಿರಿಜಮ್ಮ" ಎನ್ನುತ್ತಿದ್ದರು. ಎದುರಿಗೆ "ಮೇಡಂ" ಎನ್ನುತ್ತಿದ್ದರು. ನನಗೆ ಎರಡೂ ಹಿತವಾಗಿಯೇ ಕೇಳುತ್ತಿದ್ದವು.

ನಿಯಮಗಳಲ್ಲೆಲ್ಲ ನನಗೆ ಪ್ರೀತಿಯದು ಮಂಪರು ನಿಯಮ. ಶ್ವಾಸಕೋಶಕ್ಕೆ ಕೊಳವೆ ಇಳಿಸಿ ನೋಡುವಾಗ ರೋಗಿಗೆ ಅರೆನಿದ್ದೆ ಬರುವ ಇಂಜೆಕ್ಷನ್ ಕೊಡುತ್ತಾರೆ. ಅದೇ ಮಂಪರು. ಕೊಳವೆ ಇಳಿಸುವ ಡಾಕ್ಟರೇ ಮಂಪರನ್ನೂ ಕೊಟ್ಟರೆ ಅದಕ್ಕೆ ಬೇರೆ ಹಣವಿಲ್ಲ. ಕೊಳವೆಯ ದರದಲ್ಲೇ ಅದು ಸೇರಿಹೋಯಿತು. ಇನ್ನೊಬ್ಬ ಡಾಕ್ಟರು ಬಂದು ಮಂಪರು ಕೊಟ್ಟು, ಕೆಲಸ ಮುಗಿಯುವವರೆಗೆ ರೋಗಿಯ ಪಕ್ಕ ಬಿಟ್ಟು ಕದಲದೆ ನಿಂತರೆ ಮಾತ್ರ ಬೇರೆ ಹಣ. ಅದೂ ಸುಮ್ಮನೆ ಇಣುಕಿ ನೋಡಿ ಬಂದರೆ ಇಲ್ಲ, ಒಳಗಿನಿಂದ ಏನಾದರೂ ತೆಗೆದಿದ್ದರೆ ಉಂಟು. ತೆಗೆದದ್ದು ಏನೆಂದು ವರದಿಯಲ್ಲಿ ಹೆಸರು ಹಿಡಿದು ಬರೆದಿರಬೇಕು, ಆ ವಸ್ತುವನ್ನು ಬಾಟಲಿಯಲ್ಲಿ ಹಾಕಿ ಬಿಲ್ಲಿನ ಜೊತೆಗೆ ಸಲ್ಲಿಸಬೇಕು. ಈ ಕೊನೆಯ ಷರತ್ತು ನನ್ನದೇ ಸಲಹೆ. ಮೇಲಿನವರು ಮೆಚ್ಚಿ ಸೇರಿಸಿಕೊಂಡಿದ್ದರು. ಆ ದಿನ ನಾನು ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದೆ.

ಹೀಗಿರುವಾಗ ನಮ್ಮವರಿಗೆ ಕೆಮ್ಮು ಶುರುವಾಯಿತು.

ನಮ್ಮವರು ಬಸವರಾಜಪ್ಪ, ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಾಯಿ ಬಿಟ್ಟು ಎರಡು ಮಾತಾಡಿದರೆ ಆ ವಾರದ ಮಾತು ಮುಗಿಯಿತು ಎನ್ನುವ ಜಾತಿ. ಅವರಿಗಿದ್ದ ಒಂದೇ ಚಟ ಭಾನುವಾರದ ಕೇರಂ ಆಟ. ಪಕ್ಕದ ಕ್ವಾರ್ಟರ್ಸಿನ ಮುರುಗೇಶ, ನಮ್ಮ ಕಾರ್ಖಾನೆಯ ಫಿಟ್ಟರ್, ಅವನ ಮನೆಗೆ ಹೋಗಿ ಮಧ್ಯಾಹ್ನವೆಲ್ಲ ಆಡಿ ಬರುತ್ತಿದ್ದರು. ಕುಡಿತವಿಲ್ಲ, ಇಸ್ಪೀಟಿಲ್ಲ. ಇಂಥ ಗಂಡ ಯಾರಿಗುಂಟು ಎಂದು ನಾನು ಆಫೀಸಿನಲ್ಲಿ ಹೇಳದ ದಿನವಿರಲಿಲ್ಲ.

ಅಂಥ ಒಂದು ಭಾನುವಾರ ಸಂಜೆ ಕೆಮ್ಮುತ್ತಾ ಬಂದರು. ಕೆಮ್ಮು ನಿಲ್ಲಲಿಲ್ಲ. "ಏನಾಯ್ತ್ರೀ?" ಎಂದರೆ, "ಅವ್ವನ ಅಡಿಕೆ ಚೂರು ಗಂಟಲಿಗೆ ಹೋಯ್ತು" ಎಂದರು. ನಮ್ಮ ಮನೆಯಲ್ಲಿ ಯಾರೂ ನಂಬದೆ ಇರಲಾರದಂಥ ಕಾರಣ! ಯಾಕೆಂದರೆ ಅವರ ತಾಯಿ, ಅಂದರೆ ನಮ್ಮ ಅತ್ತೆ ಗೌರಮ್ಮ, ಎಲೆ ಅಡಿಕೆಯ ತಟ್ಟೆಯನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮಲಗುವವರು. ಕೊರಳಲ್ಲಿ ಲಿಂಗ, ದವಡೆಯಲ್ಲಿ ಅಡಿಕೆ, ಇವೆರಡೂ ಇಲ್ಲದ ಅತ್ತೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿಲ್ಲ. ಕೇಕಿನಲ್ಲಿ ಮೊಟ್ಟೆ ಇರುತ್ತದೆಂದು ಬೇಕರಿ ಮುಂದೆ ಹಾದು ಹೋಗುವಾಗ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಅಷ್ಟು ಮಡಿ.

ಅತ್ತೆ ಶುಂಠಿ ಕಷಾಯ ಕೊಟ್ಟರು, ನಾನು ಕಾಳುಮೆಣಸಿನದು ಕೊಟ್ಟೆ. ನಮ್ಮವರು ಎರಡನ್ನೂ ಕುಡಿದು ಕೆಮ್ಮಿದರು. ತಿಂಗಳಾದರೂ ನಿಲ್ಲದಿದ್ದಾಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಎದೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಬಲಗಡೆ ಏನೋ ಸಿಕ್ಕಿಕೊಂಡಿದೆ, ಕೊಳವೆ ಹಾಕಿ ತೆಗೆಯಬೇಕು, ತಡ ಮಾಡಿದರೆ ನ್ಯುಮೋನಿಯಾ ಆಗುತ್ತದೆ ಎಂದರು. ನಾನು ನಮ್ಮವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆದರೆ ಮರುಕ್ಷಣವೇ ನನ್ನೊಳಗಿನ ಗುಮಾಸ್ತೆ ಎದ್ದು ಕೂತಳು.

"ಮಂಪರು ಯಾರು ಕೊಡ್ತಾರೆ ಡಾಕ್ಟ್ರೇ?"

"ನಾನೇ ಕೊಡ್ತೀನಮ್ಮ. ಚಿಕ್ಕ ಇಂಜೆಕ್ಷನ್ನು."

"ಆಗೋದಿಲ್ಲ."

"ಏನಾಗೋದಿಲ್ಲ?"

"ನೀವು ಕೊಟ್ರೆ ಬಿಲ್ ಆಗೋದಿಲ್ಲ. ಮಂಪರಿಗೆ ಬೇರೆ ಡಾಕ್ಟ್ರನ್ನ ಕರೆಸಿ. ಅವರು ಶುರುವಿಂದ ಕೊನೇವರೆಗೂ ಇವರ ಪಕ್ಕದಲ್ಲೇ ಇರ್ಬೇಕು. ಯಾವಾಗ ಬಂದ್ರು, ಯಾವಾಗ ಹೋದ್ರು, ನಡುವೆ ಎಲ್ಲಿದ್ರು, ಎಲ್ಲಾ ಬರೀಬೇಕು. ತೆಗೆದಿದ್ದು ಏನು ಅಂತ ಬಿಡಿಸಿ ಬರೀಬೇಕು. ಅದನ್ನ ಬಾಟ್ಲಿಗೆ ಹಾಕಿ ನನ್ನ ಕೈಗೆ ಕೊಡ್ಬೇಕು."

ಡಾಕ್ಟರು ನಮ್ಮವರ ಮುಖ ನೋಡಿದರು. ನಮ್ಮವರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ಬಾಟ್ಲಿಗೆ ಯಾಕೆ ಹಾಕ್ಬೇಕು ಗಿರಿಜಾ?" ಎಂದರು.

"ನಿಯಮ!"

"ಬೇಡ ಬಿಡು. ಕೆಮ್ಮಿದ್ರೆ ತಾನಾಗೇ ಬರತ್ತೆ."

ಪಾಪ, ಕೊಳವೆಗೆ ಹೆದರಿದ್ದಾರೆ ಎಂದುಕೊಂಡೆ. ಬೆನ್ನು ಸವರಿ ಧೈರ್ಯ ಹೇಳಿದೆ. ಅವರು ಇನ್ನಷ್ಟು ಹೆದರಿದರು.

ಮಾರನೆಯ ದಿನ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಮಂಪರಿಗೆಂದು ಬಂದಿದ್ದ ಡಾಕ್ಟರು ಕನ್ನಡಕದ ಹುಡುಗ, ಮೃದು ಮಾತಿನವನು. ಅವನಿಗೂ ನಿಯಮವನ್ನು ಒಮ್ಮೆ ವಿವರಿಸಿ, ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಮ್ಮವರ ಧ್ವನಿ ಕೇಳಿಸಿತು. ಮಂಪರು ಹತ್ತಿತ್ತೆಂದು ಕಾಣುತ್ತದೆ. ವರ್ಷಗಳಿಂದ ಒಳಗೆ ಹಿಡಿದಿಟ್ಟಿದ್ದ ಮಾತೆಲ್ಲ ಕಟ್ಟೆ ಒಡೆದಂತೆ ಬರುತ್ತಿತ್ತು.

"ಮುರುಗೇಶಾ... ಲೆಗ್ ಪೀಸು ನಂಗೇ ಇಡು ಮಾರಾಯಾ... ಹೋದ್ವಾರನೂ ನೀನೇ ತಗೊಂಡೆ..."

ಪಕ್ಕದಲ್ಲಿದ್ದ ನರ್ಸಮ್ಮ ಕಿಸಕ್ಕೆಂದು ನಕ್ಕಳು. "ಕೇರಂ ವಿಷಯ ಅಮ್ಮ. ಮಂಪರಲ್ಲೂ ಅದೇ ಧ್ಯಾನ ನೋಡಿ" ಎಂದು ನಾನೇ ಆಕೆಗೆ ಸಮಾಧಾನ ಹೇಳಿದೆ. ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು.

ಆಮೇಲೆ ಒಳಗೆ ಸದ್ದಿಲ್ಲ. ನನಗೆ ಕಳವಳ ಶುರುವಾಯಿತು. ಕಳವಳ ಗಂಡನ ಬಗ್ಗೆ ಎಂದು ಹೇಳಿದರೆ ಕೇಳುವವರಿಗೆ ಚೆಂದ. ನಿಜವಾಗಿ ಇದ್ದದ್ದು ಮಂಪರಿನ ಹುಡುಗನ ಬಗ್ಗೆ. ಈ ಕೋಣೆಗೆ ಆಚೆ ಕಡೆಯೂ ಬಾಗಿಲಿರಬಹುದಲ್ಲ? ಇಂಜೆಕ್ಷನ್ ಕೊಟ್ಟು ಆ ಕಡೆಯಿಂದ ಕಾಫಿಗೆ ಹೋಗಿದ್ದರೆ? ಎದ್ದು ಬಾಗಿಲು ತಟ್ಟಿದೆ. ಉತ್ತರವಿಲ್ಲ. ಜೋರಾಗಿ ಬಡಿದೆ. ನರ್ಸಮ್ಮ "ಅಮ್ಮಾ, ಅಮ್ಮಾ" ಎಂದು ಕೈ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಬಡಿದೆ. ಬಾಗಿಲು ತೆರೆಯಿತು. ಮಂಪರಿನ ಹುಡುಗ ಗಾಬರಿಯಿಂದ ಹೊರಗೆ ಬಂದ.

"ಏನಮ್ಮ? ಏನಾಯ್ತು?"

"ಏನಿಲ್ಲಪ್ಪ. ನೀವು ಒಳಗೇ ಇದೀರಾ ಅಂತ ನೋಡ್ದೆ."

"ಇಷ್ಟೊತ್ತು ಇದ್ದೆ" ಎಂದು ಹೇಳಿ ಮತ್ತೆ ಒಳಗೆ ಹೋದ. ನನಗೆ ಬಹಳ ಸಮಾಧಾನವಾಯಿತು.

ಕೊನೆಗೆ ದೊಡ್ಡ ಡಾಕ್ಟರು ಪುಟ್ಟ ಸ್ಟೀಲ್ ತಟ್ಟೆ ಹಿಡಿದು ಹೊರಗೆ ಬಂದರು.

"ತೆಗೆದ್ವಿ ಅಮ್ಮ. ಏನೂ ತೊಂದ್ರೆ ಇಲ್ಲ. ಮೂಳೆ."

"ಯಾರ ಮೂಳೆ?" ಗಂಡನ ಪಕ್ಕೆಲುಬನ್ನೇ ಮುರಿದು ತಂದಿದ್ದಾರೆ ಎಂದುಕೊಂಡೆ.

"ಕೋಳಿದು."

ಆ ಕ್ಷಣವನ್ನು ಹೇಗೆ ವರ್ಣಿಸಲಿ! ಬೆಂಚು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ, ಆದರೂ ಕೂರಲು ಹೋದವಳು ನೆಲಕ್ಕೆ ಕೂತೆ. ನರ್ಸಮ್ಮ ಎತ್ತಿದಳು. ಎದ್ದವಳೇ ಡಾಕ್ಟರಿಗೆ ಹೇಳಿದೆ:

"ಡಾಕ್ಟ್ರೇ, ನೀವು ಕೊಳವೆ ಸರಿಯಾಗಿ ತೊಳೆದಿದ್ರಾ? ಹಿಂದಿನ ಪೇಷೆಂಟ್ ಒಳಗಿನ ಮೂಳೆ ಇವರೊಳಗೆ ಹೋಗಿರ್ಬೇಕು. ನಮ್ಮ ಮನೇಲಿ ಕೋಳಿ ಅನ್ನೋ ಪದನೂ ಆಡಲ್ಲ!"

"ಅಮ್ಮ, ಇದು ಒಂದು ತಿಂಗಳಿಂದ ಇವರ ಎದೇಲೇ ಕೂತಿತ್ತು. ಇವರೇ ಎಳೆದುಕೊಂಡಿರೋದು."

"ಹಾಗಾದ್ರೆ ಅಡಿಕೆ ಅಂತ ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬಿಡಿಸಿ ಬರೀಬೇಕು ಅಂತ ನೀವೇ ಹೇಳಿದ್ರಲ್ಲಮ್ಮ. ಆಗ್ಲೇ ಬರೆದಾಯ್ತು" ಎಂದು ಕಂದು ಬಣ್ಣದ ಪುಟ್ಟ ಬಾಟಲಿಯೊಂದನ್ನು ಕೈಗಿಟ್ಟರು. ಮೇಲೆ ಚೀಟಿ: "ಶ್ವಾಸಕೋಶದಿಂದ ತೆಗೆದ ವಸ್ತು." ಅಕ್ಷರ ಮುತ್ತಿನಂತಿತ್ತು. ಜೀವಮಾನದಲ್ಲಿ ನಾನು ಕಂಡ, ಓದಲು ಬಂದ ಒಂದೇ ಡಾಕ್ಟರ ಕೈಬರಹ ಅದು!

ಗಂಟಲು ಮರಗಟ್ಟಿದೆ, ಸ್ವಲ್ಪ ಹೊತ್ತು ಏನೂ ತಿನ್ನಿಸಬೇಡಿ, ಮಾತಾಡಿಸಲೂಬೇಡಿ ಎಂದು ಅಪ್ಪಣೆಯಾಯಿತು. ಹೊಟ್ಟೆ ತುಂಬ ಪ್ರಶ್ನೆ ಇಟ್ಟುಕೊಂಡು ಸುಮ್ಮನೆ ಕೂರುವ ಶಿಕ್ಷೆಯನ್ನು ಯಾವ ಶತ್ರುವಿಗೂ ಕೊಡಬಾರದು. ಸಂಜೆ ಭದ್ರಾವತಿ ಬಸ್ಸಿನಲ್ಲಿ ನಮ್ಮವರಿಗೆ ಗಂಟಲು ಬಿಟ್ಟಿತು. ಮಂಪರಿನಲ್ಲಿ ಆಡಿದ ಒಂದು ಮಾತೂ ಅವರಿಗೆ ನೆನಪಿರಲಿಲ್ಲ.

"ಅಡಿಕೆ ಬಂತಾ?" ಎಂದು ಮೆಲ್ಲಗೆ ಕೇಳಿದರು.

"ಬಂತು. ಅದಕ್ಕೆ ಎರಡು ಕಾಲೂ ಒಂದು ಜುಟ್ಟೂ ಇತ್ತಂತೆ!"

ಬಸ್ಸು ಊರು ದಾಟುವವರೆಗೆ ಅವರು ಕಿಟಕಿಯ ಕಡೆಯೇ ನೋಡಿದರು.

"ಯಾವಾಗಿಂದ ನಡೀತಿದೆ ಇದು?"

"ಕೇರಂ ಶುರುವಾದಾಗಿಂದ."

"ಕೇರಂ ನಿಜವಾಗ್ಲೂ ಆಡ್ತೀರಾ?"

"ಬಿರಿಯಾನಿ ದಮ್ಮಿಗೆ ಇಟ್ಟಾಗ ಆಡ್ತೀವಿ" ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ. ನನಗೆ ಅಳು ಬಂತು. ಕೋಳಿ ತಿಂದದ್ದಕ್ಕಲ್ಲ. ಇಷ್ಟು ವರ್ಷ ಊರಿನವರೆಲ್ಲರ ಬಿಲ್ಲುಗಳಲ್ಲಿ ಸುಳ್ಳು ಹುಡುಕಿದವಳಿಗೆ ತನ್ನ ಪಕ್ಕದಲ್ಲಿ ಮಲಗುವವರ ಬಾಯಿಂದ ಮಸಾಲೆಯ ವಾಸನೆ ಬರಲಿಲ್ಲವಲ್ಲ ಎಂದು. ಅವರು ಕರ್ಚೀಫು ಕೊಟ್ಟರು. ಮೂಗಿಗೆ ಹಿಡಿದೆ. ಲವಂಗದ ವಾಸನೆ ಬಂತು!

"ಅವ್ವಂಗೆ ಮಾತ್ರ ಗೊತ್ತಾಗೋದು ಬೇಡ ಗಿರಿಜಾ. ಎದೆ ಒಡ್ಕೋತಾಳೆ."

ಅದು ನನಗೂ ಗೊತ್ತಿತ್ತು. ಅತ್ತೆಗೆ ಮಗ ಎಂದರೆ ಎರಡನೆಯ ಲಿಂಗ. ಅವರಿಗೆ ತಿಳಿಯಕೂಡದು ಎಂದು ಬಸ್ಸಿಳಿಯುವಷ್ಟರಲ್ಲಿ ನಿಶ್ಚಯಿಸಿದೆವು. ಆದರೆ ಬಾಗಿಲು ತೆರೆಯುತ್ತಿದ್ದ ಹಾಗೆ ಅತ್ತೆ ಕೇಳಿದ್ದೇನು?

"ಎಲ್ಲೇ ಆ ಹಾಳು ಅಡಿಕೆ? ನಂಗೆ ಕೊಡು. ಅದನ್ನ ದೇವ್ರ ಮುಂದೆ ಇಟ್ಟು ತಪ್ಪಾಯ್ತು ಅಂತ ಕೇಳ್ಬೇಕು ನಾನು."

"ಆಸ್ಪತ್ರೇಲಿ ಮರೆತು ಬಂದೆ ಅತ್ತೆ. ನಾಳೆ ತರ್ತೀನಿ" ಎಂದೆ. ಬಾಟಲಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಬೆವರುತ್ತಿತ್ತು.

ಇಲ್ಲಿ ನನ್ನ ವೃತ್ತಿಪರ ಬುದ್ಧಿ ಕೆಲಸ ಮಾಡಿತು. ಮೆಡಿಕಲ್ ಸ್ಟೋರಿನಿಂದ ಅಂಥದೇ ಕಂದು ಬಾಟಲಿ ತಂದೆ. ಅತ್ತೆಯ ತಟ್ಟೆಯಿಂದಲೇ ಒಂದು ಅಡಿಕೆ ಚೂರು ಕದ್ದು ಒಳಗೆ ಹಾಕಿ ನೀರು ತುಂಬಿದೆ. ದಾಖಲೆ ಪಕ್ಕಾ ಇರಬೇಕಲ್ಲ! ಡಾಕ್ಟರ ಅಕ್ಷರವನ್ನೇ ಅನುಕರಿಸಿ ಚೀಟಿ ಬರೆದು ಅಂಟಿಸಿದೆ: "ಶ್ವಾಸಕೋಶದಿಂದ ತೆಗೆದ ವಸ್ತು." ನಮ್ಮವರು ಡ್ರಾಯಿಂಗ್ ಮೇಷ್ಟ್ರಲ್ಲವೇ, ಅಕ್ಷರ ತಿದ್ದಿಕೊಟ್ಟರು. ಎರಡೂ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಬ್ರಹ್ಮ ಬಂದರೂ ವ್ಯತ್ಯಾಸ ಹೇಳಲಾರ! ನಾವಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡೆವು.

ಬ್ರಹ್ಮನಿಗೇ ಗೊತ್ತಾಗದ್ದು ನನಗೆ ಹೇಗೆ ಗೊತ್ತಾಗಬೇಕು? ಅದು ಆಗ ಹೊಳೆಯಲಿಲ್ಲ. ಒಂದು ಬಾಟಲಿಯನ್ನು ಅತ್ತೆಯ ಕೈಗಿಟ್ಟೆ. ಇನ್ನೊಂದನ್ನು ಬಿಲ್ಲಿನ ಜೊತೆ ಲಕೋಟೆಗೆ ಹಾಕಿ ಅಂಟಿಸಿ ಆಫೀಸಿಗೆ ಸಲ್ಲಿಸಿದೆ.

ಅತ್ತೆ ಬಾಟಲಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಪೊರೆ ಬಂದ ಕಣ್ಣು, ಕಂದು ಗಾಜು. ಕಂಡದ್ದು ಒಂದು ಚೂರು ಮಾತ್ರ. ಅದಕ್ಕೆ ವಿಭೂತಿ ಹಚ್ಚಿ ದೇವರ ಮಾಡದಲ್ಲಿ ಇಟ್ಟರು. ಆಮೇಲೆ ಎಲೆ ಅಡಿಕೆಯ ತಟ್ಟೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ತಗೊಂಡು ಹೋಗಿ ಅಟ್ಟದ ಮೇಲೆ ಇಡು. ನನ್ನ ತಟ್ಟೆ ಅಡಿಕೆ ನನ್ನ ಮಗನ ಜೀವ ತೆಗೀತಿತ್ತು. ಇನ್ನು ಸಾಯೋವರೆಗೂ ಅಡಿಕೆ ಮುಟ್ಟಲ್ಲ."

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಎರಡು ದಿನ ಬಿಟ್ಟರೆ ತಾನೇ ಕೇಳುತ್ತಾರೆ ಎಂದುಕೊಂಡೆವು. ಅತ್ತೆ ಕೇಳಲಿಲ್ಲ. ಬಾಯಿ ಬರಿದಾದ ಮೇಲೆ ಅವರು ಮೊದಲು ಸಿಡುಕಿದರು. ಸಾರಿಗೆ ಉಪ್ಪು ಹೆಚ್ಚು, ನನ್ನ ಸೀರೆಯ ಬಣ್ಣ ಹೆಚ್ಚು, ಮುರುಗೇಶನ ರೇಡಿಯೋ ಸದ್ದು ಹೆಚ್ಚು. ಅದನ್ನು ತಡೆದುಕೊಳ್ಳಬಹುದಿತ್ತು. ಆಮೇಲೆ ಸುಮ್ಮನಾದರು. ಅದು ತಡೆಯಲಾಗಲಿಲ್ಲ. ಸಂಜೆ ಜಗಲಿಯಲ್ಲಿ ಕೂತು ಬೆರಳಿನಿಂದ ತೊಡೆಯ ಮೇಲೆ ಇಲ್ಲದ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಕುಂಸಿಯಿಂದ ಅವರ ತಂಗಿ ಬಂದು ಎಲೆ ಮಡಿಚಿ ಕೊಟ್ಟಾಗ ಮುಖ ಆಚೆ ತಿರುಗಿಸಿದರು. ಕಣ್ಣಲ್ಲಿ ನೀರಿತ್ತು. ಆ ಮುದುಕಿಗೆ ಇದ್ದ ಒಂದೇ ಸುಖ ಅದು. ನಿರಪರಾಧಿ ಅಡಿಕೆ ಶಿಕ್ಷೆ ಅನುಭವಿಸುತ್ತಿತ್ತು, ಕೋಳಿ ಆರಾಮವಾಗಿತ್ತು.

ಕೋಳಿ ಎಲ್ಲಿ ಆರಾಮವಾಗಿತ್ತು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಸ್ವಂತ ಬಿಲ್ಲನ್ನು ನಾನೇ ನೋಡುವಂತಿಲ್ಲವಾದ್ದರಿಂದ ಅದು ನಮ್ಮ ಅಧಿಕಾರಿ ರಾಯರ ಮೇಜಿಗೆ ಹೋಗಿತ್ತು. ಒಂದು ದಿನ ಕರೆದರು. ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಒದ್ದೆಯಾದ ಒಂದು ಚೂರು.

"ಗಿರಿಜಮ್ನೋರೇ, ವರದೀಲಿ ಕೋಳಿ ಮೂಳೆ ಅಂತಿದೆ. ಬಾಟ್ಲಿ ತೆಗೆದು ನೋಡಿದ್ರೆ ಅಡಿಕೆ ಬಂತಲ್ರೀ? ಅದೂ ಒಳ್ಳೆ ಜಾತಿದು!"

ಅಡಿಕೆ ಇಲ್ಲಿದ್ದರೆ ಮೂಳೆ ಎಲ್ಲಿದೆ? ಅಯ್ಯೋ ಶಿವನೇ! ನಿನ್ನ ಪಕ್ಕದಲ್ಲೇ ಇದೆ! ವಿಭೂತಿ ಹಚ್ಚಿಕೊಂಡು, ದಿನಾ ಮಂಗಳಾರತಿ ತೆಗೆದುಕೊಳ್ಳುತ್ತಾ ಕೂತಿದೆ!

ರಜೆಯನ್ನೂ ಕೇಳದೆ ಮನೆಗೆ ಓಡಿದೆ. ಅತ್ತೆ ಮಲಗಿದ್ದರು. ಕಳ್ಳಹೆಜ್ಜೆಯಲ್ಲಿ ದೇವರ ಮನೆಗೆ ಹೋಗಿ ಬಾಟಲಿಗೆ ಕೈ ಹಾಕಿದೆ. ಗಡಿಬಿಡಿಯಲ್ಲಿ ಗಂಟೆಗೆ ಕೈ ತಾಗಿತು. ಢಣ್!

"ಏನೇ ಮಾಡ್ತಿದೀಯ ಅಲ್ಲಿ?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹಿಂದೆ, ಶಾಲೆ ಮುಗಿಸಿ ಆಗತಾನೇ ಬಂದ ನಮ್ಮವರು. ನಿಯಮ ಪುಸ್ತಕವನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ಇಂಥ ಪ್ರಸಂಗಕ್ಕೆ ಅದರಲ್ಲಿ ಏನೂ ಇರಲಿಲ್ಲ. ಆಗ ವಾರಕ್ಕೆ ಎರಡೇ ಮಾತಿನ ನಮ್ಮವರು ಬಾಯಿ ಬಿಟ್ಟರು. ಈ ಸಲ ಮಂಪರಿಲ್ಲದೆ!

"ಅವ್ವಾ, ಅದು ಅಡಿಕೆ ಅಲ್ಲ. ಕೋಳಿ ಮೂಳೆ. ಮುರುಗೇಶನ ಮನೇಲಿ ತಿಂದೆ. ತುಂಬಾ ವರ್ಷದಿಂದ ತಿಂತಿದೀನಿ. ನಿನ್ನ ಅಡಿಕೆ ಏನೂ ಮಾಡ್ಲಿಲ್ಲ ಅವ್ವಾ."

ಅತ್ತೆ ಹೊಸ್ತಿಲ ಮೇಲೆ ಕೂತರು. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಎದೆ ಒಡೆದುಕೊಳ್ಳುತ್ತಾರೆ, ಇಲ್ಲವೇ ಮಗನನ್ನು ಮನೆಯಿಂದ ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅವರು ಕಣ್ಣು ಬಿಟ್ಟರು.

"ಮೊದ್ಲು ಅಟ್ಟದ ಮೇಲಿಂದ ನನ್ನ ತಟ್ಟೆ ಇಳಿಸು!"

ಓಡಿ ಹೋಗಿ ಇಳಿಸಿದೆ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡರು. ಕೆನ್ನೆ ಉಬ್ಬಿತು. ಮುಖಕ್ಕೆ ಜೀವ ಬಂತು. ಆಮೇಲೆ ಕೋಪ ಬಂತು. ಮಗನ ಮೇಲಲ್ಲ!

"ಅವನು ಕೋಳಿ ತಿಂದ. ಶಿವ ಕೆಮ್ಮು ಕೊಟ್ಟ. ಅಲ್ಲಿಗೆ ಅವರಿಬ್ರ ಲೆಕ್ಕ ಮುಗೀತು. ನಾನೇನ್ ತಪ್ಪು ಮಾಡಿದ್ದೆ ಅಂತ ನನ್ನ ಅಡಿಕೆ ಬಿಡಿಸ್ದೆ ಮಾರಾಯ್ತಿ? ಮೂಳೆಗೆ ನನ್ನ ಕೈಲಿ ಪೂಜೆ ಬೇರೆ ಮಾಡಿಸ್ದೆ!"

ದೇವರ ಮಾಡವನ್ನು ಗೋಮೂತ್ರ ಹಾಕಿ ನಾನೇ ತೊಳೆದೆ. ಮಗನಿಗೆ ತಣ್ಣೀರು ಸ್ನಾನವಾಯಿತು. ಕೇರಂ ರದ್ದಾಯಿತು. ಅತ್ತೆ ಮಗನೊಡನೆ ಬೇಗ ಮಾತಾಡಿದರು. ನನ್ನೊಡನೆ ಮಾತಾಡಲು ಗೌರಿ ಹಬ್ಬ ಬರಬೇಕಾಯಿತು.

ಮಾರನೆಯ ದಿನ ಅಸಲಿ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ರಾಯರ ಮುಂದಿಟ್ಟೆ. ನಡೆದದ್ದೆಲ್ಲ ಹೇಳಿದೆ. ವಿಭಾಗದವರೆಲ್ಲ ಟೈಪಿಂಗ್ ನಿಲ್ಲಿಸಿ ಕೇಳಿದರು. ಸಾಲದ್ದಕ್ಕೆ ಅದೇ ಹೊತ್ತಿಗೆ ತನ್ನ ಹೆಂಡತಿಯ ಬಿಲ್ಲಿನೊಂದಿಗೆ ಮುರುಗೇಶ ಕಿಟಕಿಯ ಬಳಿ ನಿಂತಿದ್ದ.

"ಆ ಕೋಳಿ ನಮ್ದೇ ಸಾರ್! ನಾನು ಸಾಕ್ಷಿ ಹೇಳ್ತೇನೆ. ಮೇಡಂಗೆ ಬಿಲ್ ಪಾಸ್ ಮಾಡಿ ಸಾರ್, ಪಾಪ!"

ನನಗೆ ಪಾಪ ಎಂದವರಲ್ಲಿ ಆ ಕಾರ್ಖಾನೆಯಲ್ಲಿ ಅವನೇ ಮೊದಲಿಗ. ರಾಯರು ನಗು ತಡೆದುಕೊಂಡು ವರದಿಯ ಕೊನೆಯ ಪುಟ ತಿರುವಿದರು. ತಿರುವಿದವರು ಹಾಗೇ ನಿಂತರು.

"ಗಿರಿಜಮ್ನೋರೇ, ಕೊಳವೆಯ ಹಣ ಕೊಡಬಹುದು. ಆದರೆ ಮಂಪರಿನದು... ಇಲ್ಲಿ ಕೇಳಿ." ಕನ್ನಡಕ ಸರಿ ಮಾಡಿಕೊಂಡು ಗಂಭೀರವಾಗಿ ಓದಿದರು. "ಮಂಪರು ನೀಡಿದ ವೈದ್ಯರು ನಡುವೆ ಒಮ್ಮೆ ರೋಗಿಯ ಪಕ್ಕವನ್ನು ಬಿಟ್ಟು ಹೊರಗೆ ಹೋಗಿರುತ್ತಾರೆ. ಕಾರಣ: ವೈದ್ಯರು ರೋಗಿಯ ಪಕ್ಕದಲ್ಲಿ ಇದ್ದಾರೆಯೇ ಎಂದು ಪರೀಕ್ಷಿಸಲು ರೋಗಿಯ ಪತ್ನಿ ಬಾಗಿಲು ಬಡಿದದ್ದು."

ಆ ಹುಡುಗ ಎಲ್ಲ ಬರೆದಿದ್ದ. ನಾನು ಹೇಳಿದ ಹಾಗೆಯೇ ಬರೆದಿದ್ದ!

ರಾಯರು ನನ್ನ ಕಡೆ ಕೈ ಚಾಚಿದರು. ಬಿಲ್ಲುಗಳಿಗೆ ಗೆರೆ ಎಳೆಯುವ ನನ್ನ ಕೆಂಪು ಪೆನ್ನನ್ನು ನಾನೇ ತೆಗೆದು ಅವರ ಕೈಗೆ ಕೊಟ್ಟೆ. ಅವರು ಮಂಪರಿನ ಸಾಲಿನ ಮೇಲೆ ಉದ್ದಕ್ಕೆ ಗೆರೆ ಎಳೆದರು. ಗೆರೆ ಬಹಳ ನೇರವಾಗಿತ್ತು.

ಈಗ ಯೋಚಿಸಿದರೆ ಅನಿಸುತ್ತದೆ. ಆ ದಿನ ಶಿವಮೊಗ್ಗದ ಆ ಬಾಗಿಲ ಮುಂದೆ ಮಂಪರಿನ ಅಗತ್ಯ ನಿಜವಾಗಿ ಇದ್ದದ್ದು ನಮ್ಮವರಿಗಲ್ಲ, ನನಗೆ. ಒಂದು ಇಂಜೆಕ್ಷನ್ ಕೊಟ್ಟು ನನ್ನನ್ನು ಆ ಬೆಂಚಿನ ಮೇಲೆ ಮಲಗಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಏನು ಮಾಡುವುದು, ರೋಗಿಯ ಹೆಂಡತಿಗೆ ಕೊಟ್ಟ ಮಂಪರಿಗೆ ಹಣ ಕೊಡುವ ನಿಯಮವಿಲ್ಲ. ನಾನೇ ಸೇರಿಸಿರಲಿಲ್ಲ!